ಔಷಧ ಸಾಗಿಸಲು ಕಾರ್ಬನ್ ನ್ಯಾನೋಟ್ಯೂಬ್: ಲ್ಯಾಬಿನಲ್ಲಿ ಇಷ್ಟು ಚೆನ್ನಾಗಿ ನಡೆಯುವುದು ಆಸ್ಪತ್ರೆಗೆ ಯಾಕೆ ಬಂದಿಲ್ಲ?

ಫಾರ್ಮಸಿ_ಪುಟ್ಟಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಫಾರ್ಮ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಗೈಡ್ ಕೊಟ್ಟಿರುವ ವಿಷಯ ಇದು: ಮಲ್ಟಿವಾಲ್ (ಹಲವು ಪದರದ) ಕಾರ್ಬನ್ ನ್ಯಾನೋಟ್ಯೂಬ್ ಮೇಲೆ ಡಾಕ್ಸೊರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧ ಕೂರಿಸಿ, ಬೇರೆ ಬೇರೆ ಪಿಎಚ್‌ನಲ್ಲಿ (ಆಮ್ಲತೆಯ ಅಳತೆ) ಔಷಧ ಎಷ್ಟು ಬಿಡುತ್ತದೆ ಅಂತ ನೋಡುವುದು.

ಓದೋಕೆ ಕೂತೆ. ಇಪ್ಪತ್ತು ವರ್ಷದಿಂದ ಪೇಪರುಗಳು ಬರುತ್ತಲೇ ಇವೆ. ಎಲ್ಲದರ ಕೊನೆಯಲ್ಲೂ 'ಇದು ಭರವಸೆಯ ವಾಹಕ' ಅನ್ನುವ ಸಾಲು. ಆದರೆ ನ್ಯಾನೋಟ್ಯೂಬ್ ಮೇಲೆ ಬರುವ ಔಷಧ ಮಾರುಕಟ್ಟೆಯಲ್ಲಿ ಒಂದೂ ಇಲ್ಲ. ಯಾಕೆ? ಮತ್ತೆ, 'ಪಿಎಚ್‌ಗೆ ತಕ್ಕಂತೆ ಬಿಡುಗಡೆ' ಅಂತ ಎಲ್ಲರೂ ಬರೆಯುತ್ತಾರೆ, ಅದು ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುವವರು ಕಡಿಮೆ. ಗೊತ್ತಿರುವವರು ಸ್ವಲ್ಪ ಹೇಳಿ. ಈ ವಿಷಯ ತಗೊಳ್ಳೋದೇ ಬೇಡವಾ ಅಂತಲೂ ಯೋಚನೆ ಬಂದಿದೆ.

ಮಾತ್ರೆಮಾವ

ತಗೊಳ್ಳಿ, ಒಳ್ಳೆ ವಿಷಯ. ನಾನು ಔಷಧ ಕಂಪನಿಯೊಂದರಲ್ಲಿ ಫಾರ್ಮುಲೇಶನ್ ಕೆಲಸದವನು. ಬುಡದಿಂದ ಶುರು ಮಾಡೋಣ, ಬೇರೆಯವರಿಗೂ ಅರ್ಥ ಆಗಲಿ.

ಗ್ರಾಫೈಟಿನ ಒಂದೇ ಒಂದು ಪದರವನ್ನು ಚಾಪೆ ಸುತ್ತಿದ ಹಾಗೆ ಸುತ್ತಿದರೆ ನ್ಯಾನೋಟ್ಯೂಬ್. ಜಪಾನಿನ ಎನ್‌ಇಸಿ ಲ್ಯಾಬಿನಲ್ಲಿದ್ದ ಸುಮಿಯೋ ಇಜಿಮಾ 1991ರಲ್ಲಿ ಬರೆದದ್ದು ಪದರದೊಳಗೆ ಪದರ ಇರುವ ಮಲ್ಟಿವಾಲ್ ಬಗ್ಗೆ. ಒಂದೇ ಪದರದ್ದು 1993ರಲ್ಲಿ ಬಂತು. ಒಂದೇ ಪದರದ್ದರ ಅಡ್ಡಳತೆ ಸಾಮಾನ್ಯವಾಗಿ 1ರಿಂದ 2 ನ್ಯಾನೋಮೀಟರ್. ಉದ್ದ ಮಾತ್ರ ನೂರು ನ್ಯಾನೋಮೀಟರಿನಿಂದ ಹಿಡಿದು ಹತ್ತಾರು ಮೈಕ್ರಾನಿನವರೆಗೆ ಏನು ಬೇಕಾದರೂ ಇರಬಹುದು. ಈ ಉದ್ದದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಜಗಳ ಅದರ ಮೇಲೇ.

ತಯಾರಾದ ಹೊಸ ಟ್ಯೂಬ್ ನೀರಿನಲ್ಲಿ ಬೆರೆಯುವುದಿಲ್ಲ. ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಬೆಳೆಸುವಾಗ ಬಳಸಿದ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಕಣಗಳೂ ಅದರೊಳಗೇ ಇರುತ್ತವೆ. ಅದಕ್ಕೆ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಸಿಡ್ ಮಿಶ್ರಣದಲ್ಲಿ ಹಾಕಿ ಸೋನಿಕೇಟ್ ಮಾಡುತ್ತಾರೆ, ಅಂದರೆ ಶಬ್ದದ ಅಲೆಗಳಿಂದ ಅಲುಗಿಸುತ್ತಾರೆ. ಲೋಹ ತುಂಬಾ ಮಟ್ಟಿಗೆ ಹೋಗುತ್ತದೆ, ತುದಿ ತೆರೆದುಕೊಳ್ಳುತ್ತದೆ, ಟ್ಯೂಬ್ ತುಂಡಾಗುತ್ತದೆ, ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳು ಹುಟ್ಟುತ್ತವೆ. ಆ ಗುಂಪುಗಳೇ ಮುಂದಿನ ಎಲ್ಲದಕ್ಕೂ ಹಿಡಿಕೆ. ಪೆಗ್ (ನೀರಿಗೆ ಒಗ್ಗುವ ಪಾಲಿಮರ್) ಸರಪಳಿ ಕಟ್ಟುವುದು ಅಲ್ಲಿ, ಗಂತಿ (ಟ್ಯೂಮರ್) ಕೋಶವನ್ನು ಗುರುತಿಸುವ ಫೋಲಿಕ್ ಆಸಿಡ್ ಕಟ್ಟುವುದೂ ಅಲ್ಲಿ.

ಇನ್ನು ಡಾಕ್ಸೊ. ಅದರ ಅಣುವಿನಲ್ಲಿ ಚಪ್ಪಟೆ ಉಂಗುರಗಳಿವೆ, ಟ್ಯೂಬಿನ ಗೋಡೆಯೂ ಉಂಗುರಗಳದ್ದೇ. ಎರಡೂ ಮೈಗೆ ಮೈ ತಾಗಿಸಿ ಕೂರುತ್ತವೆ. ರಾಸಾಯನಿಕ ಬಂಧವೇ ಬೇಡ, ರಾತ್ರಿಯಿಡೀ ಕಲಕಿದರೆ ಸಾಕು. ಸ್ಟ್ಯಾನ್‌ಫೋರ್ಡಿನ ಹಾಂಗ್‌ಜಿ ಡಾಯ್ ತಂಡ 2007ರಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ಕೂರುವ ಔಷಧದ ತೂಕ ಟ್ಯೂಬಿನ ತೂಕಕ್ಕಿಂತಲೂ ಜಾಸ್ತಿ ಆಗಬಲ್ಲದು. ಲೈಪೋಸೋಮ್ (ಔಷಧ ತುಂಬುವ ಕೊಬ್ಬಿನ ಗುಳ್ಳೆ) ಕೆಲಸ ಮಾಡಿದವರಿಗೆ ಇದೆಷ್ಟು ದೊಡ್ಡ ಮಾತು ಅಂತ ಗೊತ್ತು.

ಬಿಡುಗಡೆ ಹೀಗೆ. ಡಾಕ್ಸೊದ ಸಕ್ಕರೆ ಭಾಗದಲ್ಲಿ ಒಂದು ಅಮೀನ್ (ಸಾರಜನಕದ ಗುಂಪು) ಇದೆ. ರಕ್ತದ ಪಿಎಚ್ 7.4. ಅಲ್ಲಿ ಟ್ಯೂಬಿನ ಕಾರ್ಬಾಕ್ಸಿಲ್‌ಗೆ ಋಣ ಚಾರ್ಜ್, ಅಮೀನ್‌ಗೆ ಧನ ಚಾರ್ಜ್, ಹಾಗಾಗಿ ಹಿಡಿತ ಬಿಗಿ. ಕೋಶದೊಳಗೆ ಹೋದ ಟ್ಯೂಬ್ ಲೈಸೋಸೋಮ್ (ಕೋಶದ ಅರಗಿಸುವ ಚೀಲ) ಸೇರುತ್ತದೆ. ಅಲ್ಲಿ ಪಿಎಚ್ ಐದರ ಆಸುಪಾಸು. ಕಾರ್ಬಾಕ್ಸಿಲ್ ತನ್ನ ಚಾರ್ಜ್ ಕಳೆದುಕೊಳ್ಳುತ್ತದೆ. ಡಾಕ್ಸೊ ಪೂರ್ತಿ ಪ್ರೋಟಾನ್ ಹಿಡಿದು ನೀರಿಗೆ ಹೆಚ್ಚು ಒಗ್ಗುತ್ತದೆ. ಹಿಡಿತ ಸಡಿಲ, ಔಷಧ ಹೊರಗೆ. ಅಷ್ಟೇ. ಯಾವ ಗೇಟೂ ಇಲ್ಲ, ಬೀಗವೂ ಇಲ್ಲ.

ಹೊಸಕೋಟೆ_ಹುಡುಗ

ಸರ್, ಅಂದ್ರೆ ಕೊಳವೆ ಒಳಗೆ ಔಷಧ ತುಂಬೋದಲ್ವಾ? ಯೂಟ್ಯೂಬ್ ಅನಿಮೇಶನ್‌ಗಳಲ್ಲಿ ಒಳಗಿಂದ ಗುಂಡು ಗುಂಡಾಗಿ ಹೊರಗೆ ಬರುತ್ತೆ.

ಮಾತ್ರೆಮಾವ

ಅನಿಮೇಶನ್ ಮಾಡುವವರಿಗೆ ಕೊಳವೆ ಕಂಡರೆ ಒಳಗೆ ಏನಾದರೂ ತುಂಬಬೇಕು ಅನಿಸುತ್ತದೆ 😀 ಒಂದು ನ್ಯಾನೋಮೀಟರ್ ಕೊಳವೆಯೊಳಗೆ ಡಾಕ್ಸೊಗೆ ಜಾಗವೇ ಇಲ್ಲ. ಸಿಸ್‌ಪ್ಲಾಟಿನ್ ಅನ್ನುವ ಕ್ಯಾನ್ಸರ್ ಔಷಧದ ತರದ ಚಿಕ್ಕ ಅಣುವನ್ನು ತುಂಬಿದ್ದಾರೆ. ಇಜಿಮಾ ಇದ್ದ ತಂಡವೇ 2005ರಲ್ಲಿ ಕೊಂಬಿನಾಕಾರದ ನ್ಯಾನೋಹಾರ್ನ್‌ಗಳಲ್ಲಿ ತುಂಬಿ ತೋರಿಸಿತ್ತು. ಆದರೆ ಹೆಚ್ಚಿನ ಕೆಲಸ ಹೊರಮೈ ಮೇಲೆಯೇ.

ಬೇಸರದ_ಬಸವ

ಎಲ್ಲಾ ಸರಿ. ಪುಟ್ಟಿ ಕೇಳಿದ್ದು ಔಷಧ ಯಾಕೆ ಬಂದಿಲ್ಲ ಅಂತ. ಉತ್ತರ ಒಂದೇ ಪದ: ಆಸ್ಬೆಸ್ಟಾಸ್ (ಉಸಿರಲ್ಲಿ ಹೋದರೆ ಕ್ಯಾನ್ಸರ್ ತರುವ ಖನಿಜ ನಾರು). ಇದು ಇನ್ನೊಂದು ಆಸ್ಬೆಸ್ಟಾಸ್ ಅಂತ 2008ರಲ್ಲೇ ಗೊತ್ತಾಯ್ತು. ಆಮೇಲೂ ಪೇಪರ್ ಬರೆಯೋದು ಗ್ರ್ಯಾಂಟಿಗೆ.

ರೈನ್_ದಂಡೆ

ಬಸವ ಅವರೇ, ಒಂದೇ ಪದದಲ್ಲಿ ಮುಗಿಯಲ್ಲ. ನಾನು ಜರ್ಮನಿಯಲ್ಲಿ ಟಾಕ್ಸಿಕಾಲಜಿ ಲ್ಯಾಬಿನಲ್ಲಿದ್ದೇನೆ, ನಾರುಗಳ ವಿಷವೇ ನನ್ನ ದಿನದ ಕೆಲಸ.

2008ರ ಆ ಅಧ್ಯಯನ ಎಡಿನ್‌ಬರಾದ ಕೆನ್ ಡೊನಾಲ್ಡ್‌ಸನ್ ಅವರ ತಂಡದ್ದು. ಇಲಿಗಳ ಹೊಟ್ಟೆಯೊಳಗಿನ ಪೊರೆಯ ಹತ್ತಿರ ಬೇರೆ ಬೇರೆ ಮಲ್ಟಿವಾಲ್ ಟ್ಯೂಬ್‌ಗಳನ್ನು ಚುಚ್ಚಿದರು. ಉದ್ದವಾಗಿ, ನೆಟ್ಟಗೆ ಇದ್ದವು ಆಸ್ಬೆಸ್ಟಾಸ್ ನಾರಿನ ತರವೇ ಉರಿಯೂತ ತಂದವು, ಗ್ರಾನುಲೋಮಾ (ಉರಿಯೂತದ ಗಂಟು) ಆಯಿತು. ಚಿಕ್ಕವು, ಸಿಕ್ಕುಸಿಕ್ಕಾಗಿ ಸುತ್ತಿಕೊಂಡವು ಹಾಗೆ ಮಾಡಲಿಲ್ಲ. ಎರಡನೇ ಭಾಗವನ್ನು ಸುದ್ದಿ ಬರೆದವರು ಸುಮ್ನೆ ಬಿಟ್ಟುಬಿಟ್ಟರು.

ಕಾರಣ ಇಷ್ಟು. ನಮ್ಮ ದೇಹದಲ್ಲಿ ಕಸ ನುಂಗುವ ಮ್ಯಾಕ್ರೋಫೇಜ್ ಕೋಶ ಇದೆಯಲ್ಲ, ಅದಕ್ಕೆ ತನಗಿಂತ ಉದ್ದದ ನಾರನ್ನು ಪೂರ್ತಿ ನುಂಗೋಕೆ ಆಗುವುದಿಲ್ಲ. 15-20 ಮೈಕ್ರಾನ್ ದಾಟಿದರೆ ಅರ್ಧ ನುಂಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗಿನ ಕಿಣ್ವಗಳು, ಉರಿಯೂತದ ರಾಸಾಯನಿಕಗಳು ಹೊರಗೆ ಸೋರುತ್ತವೆ. ವರ್ಷಗಟ್ಟಲೆ ಇದೇ ನಡೆದರೆ ಪೊರೆಯ ಕ್ಯಾನ್ಸರ್ ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಇದನ್ನು ಪರಿಶೀಲಿಸಿತು. 'ಎಂಡಬ್ಲ್ಯುಸಿಎನ್‌ಟಿ-7' ಅನ್ನುವ ಒಂದು ನಿರ್ದಿಷ್ಟ ಗಡುಸು ಮಲ್ಟಿವಾಲ್ ಟ್ಯೂಬನ್ನು 2ಬಿ ಗುಂಪಿಗೆ ಸೇರಿಸಿತು, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅಂತ. ಉಳಿದ ಎಲ್ಲ ಟ್ಯೂಬ್‌ಗಳು 3ನೇ ಗುಂಪಿಗೆ ಹೋದವು. ಮೂರನೇ ಗುಂಪು ಅಂದರೆ ಸುರಕ್ಷಿತ ಅಂತಲ್ಲ, ತೀರ್ಮಾನಕ್ಕೆ ಸಾಲುವಷ್ಟು ಪುರಾವೆ ಇಲ್ಲ ಅಂತ. 'ನ್ಯಾನೋಟ್ಯೂಬ್ ವಿಷವಾ?' ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು 'ಯಾವ ಟ್ಯೂಬ್?' ಅಂತಲೇ. ಉದ್ದ ಎಷ್ಟು, ಗಡುಸಾ, ಲೋಹ ಎಷ್ಟು ಉಳಿದಿದೆ, ಮೈಮೇಲೆ ಏನು ಕಟ್ಟಿದ್ದಾರೆ, ಉಸಿರಲ್ಲಿ ಹೋಯಿತಾ ರಕ್ತಕ್ಕೆ ಚುಚ್ಚಿದರಾ. ಇದನ್ನು ಬಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ.

ಬೇಸರದ_ಬಸವ

ಸರಿ ಮೇಡಂ. ಆದ್ರೆ 'ಯಾವ ಟ್ಯೂಬ್' ಅಂತ ಕೇಳಿದಾಗ ಉತ್ತರ ಸಿಗದ ವಸ್ತುವನ್ನು ರೋಗಿಗೆ ಚುಚ್ಚೋದು ಹೇಗೆ?

ಮಾತ್ರೆಮಾವ

ಬಸವ ಈಗ ಸರಿಯಾದ ಜಾಗಕ್ಕೆ ಬಂದರು. ಅಲ್ಲಿಗೇ ಬರುತ್ತೇನೆ, ಅದಕ್ಕೆ ಮುಂಚೆ ಒಂದು ಮಾತು.

ಔಷಧಕ್ಕೆ ಬಳಸುವ ಟ್ಯೂಬ್ ಸಾಮಾನ್ಯವಾಗಿ ಕೆಲವು ನೂರು ನ್ಯಾನೋಮೀಟರ್ ಉದ್ದದ್ದು, ಪೆಗ್ ಹೊದ್ದದ್ದು. ಸ್ಟ್ಯಾನ್‌ಫೋರ್ಡಿನವರು ಇಂಥ ಒಂಟಿ ಪದರದ ಟ್ಯೂಬನ್ನು ಇಲಿಗಳ ರಕ್ತಕ್ಕೆ ಕೊಟ್ಟು ನಾಲ್ಕು ತಿಂಗಳು ಗಮನಿಸಿ, ಎದ್ದು ಕಾಣುವ ತೊಂದರೆ ಇಲ್ಲ ಅಂತ 2008ರಲ್ಲಿ ಬರೆದರು. ಅದು ಬೆರಳೆಣಿಕೆಯ ಇಲಿಗಳ ಆರಂಭಿಕ ಅಧ್ಯಯನ, ಅವರೇ ಹಾಗೆ ಹೇಳಿಕೊಂಡಿದ್ದಾರೆ. ಅದೇ ವರ್ಷ ಇನ್ನೊಂದು ಪೇಪರಿನಲ್ಲಿ ರಾಮನ್ ಬೆಳಕಿನಿಂದ ಟ್ಯೂಬನ್ನು ಹುಡುಕುತ್ತಾ ಹೋದರು. (ನ್ಯಾನೋಟ್ಯೂಬಿಗೆ ತನ್ನದೇ ರಾಮನ್ ಗುರುತು ಇದೆ, ಬೇರೆ ಬಣ್ಣ ಅಂಟಿಸಬೇಕಾಗಿಲ್ಲ. ನಮ್ಮ ಸಿ.ವಿ. ರಾಮನ್ ಅವರದ್ದೇ ಪರಿಣಾಮ.) ಪೆಗ್ ಚೆನ್ನಾಗಿ ಹೊದ್ದ ಟ್ಯೂಬ್ ರಕ್ತದಲ್ಲಿ ಸುಮಾರು ಒಂದು ದಿನ ಸುತ್ತಿ, ಪಿತ್ತದ ದಾರಿ ಹಿಡಿದು ಮಲದಲ್ಲಿ ಹೊರಬಿತ್ತು. ಮುಖ್ಯ ಅಂಗಗಳು ಹೆಚ್ಚುಕಡಿಮೆ ಖಾಲಿಯಾಗಲು ಎರಡು ತಿಂಗಳು ಹಿಡಿಯಿತು.

ಇದಕ್ಕೂ ಮುಂಚೆ, 2006ರಲ್ಲಿ, ಕೊಸ್ತಾರೆಲೋಸ್, ಪ್ರಾತೊ, ಬಿಯಾಂಕೊ ತಂಡ ಅಮೋನಿಯಂ ಗುಂಪು ಕಟ್ಟಿದ ಟ್ಯೂಬನ್ನು ಕೊಟ್ಟಿತ್ತು. ಅದರ ಅರ್ಧಾಯು ರಕ್ತದಲ್ಲಿ ಬರೀ ಮೂರು ಗಂಟೆ, ಹೊರಗೆ ಬಂದದ್ದು ಮೂತ್ರದಲ್ಲಿ. ನೋಡಿ, ಒಂದೇ ಹೆಸರಿನ ವಸ್ತು. ಮೈಮೇಲಿನ ಬಟ್ಟೆ ಬದಲಾದರೆ ದಾರಿ, ಸಮಯ ಎಲ್ಲವೂ ಬೇರೆ.

ರೈನ್_ದಂಡೆ

ಕರಗುವ ವಿಚಾರವನ್ನೂ ಸೇರಿಸುತ್ತೇನೆ. ಮೊದಲು ಎಲ್ಲರೂ ಇದು ದೇಹದಲ್ಲಿ ಎಂದೂ ಕರಗದು ಅಂದುಕೊಂಡಿದ್ದರು. 2010ರಲ್ಲಿ ವೆಲೇರಿಯನ್ ಕಗಾನ್ ತಂಡ, ನಮ್ಮ ಬಿಳಿ ರಕ್ತಕಣಗಳಲ್ಲೇ ಇರುವ ಮೈಲೋಪೆರಾಕ್ಸಿಡೇಸ್ ಕಿಣ್ವ ಒಂಟಿ ಪದರದ ಟ್ಯೂಬನ್ನು ಒಡೆಯಬಲ್ಲದು ಅಂತ ತೋರಿಸಿತು. ದೊಡ್ಡ ಸುದ್ದಿ.

ಆದರೆ ಕಿಣ್ವಕ್ಕೆ ಹಿಡಿಯಲು ಮೈಮೇಲೆ ಗಾಯ ಬೇಕು. ಆಸಿಡ್ ತಿಂದು ಕಾರ್ಬಾಕ್ಸಿಲ್ ಬಂದ ಟ್ಯೂಬ್ ಒಡೆಯುತ್ತದೆ. ನುಣುಪಾದ, ದೋಷ ಇಲ್ಲದ ಟ್ಯೂಬ್ ಹೆಚ್ಚು ಕಾಲ ತಡೆಯುತ್ತದೆ. ಇತ್ತ ಬೆಳಕು ಬೀರುವ ಗುಣ ಬೇಕು ಅನ್ನುವವರಿಗೆ ದೋಷ ಇಲ್ಲದ ಟ್ಯೂಬೇ ಬೇಕು, ಗೋಡೆ ಆಕ್ಸಿಡೈಸ್ ಆದರೆ ಆ ಹೊಳಪು ಹೋಗುತ್ತದೆ. ಒಂದನ್ನು ಪಡೆಯೋಕೆ ಇನ್ನೊಂದನ್ನು ಬಿಡಬೇಕು.

ಉಕ್ಕಿನ_ಮನುಷ್ಯ

ವಿಷಯಾಂತರಕ್ಕೆ ಕ್ಷಮಿಸಿ. ಹಳೆಯ ಡಮಾಸ್ಕಸ್ ಕತ್ತಿಯೊಂದರಲ್ಲಿ ನ್ಯಾನೋಟ್ಯೂಬ್ ಕಂಡಿದ್ದೇವೆ ಅಂತ ಡ್ರೆಸ್ಡೆನ್‌ನವರು 2006ರಲ್ಲಿ ಬರೆದಿದ್ದರು. ಅಂಥ ಕತ್ತಿಗಳಿಗೆ ಉಕ್ಕು ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ!

ನಿರ್ವಾಹಕ

ಚೆನ್ನಾಗಿದೆ, ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಔಷಧದ ಮಾತು ಮುಂದುವರಿಯಲಿ.

ಶಿವಮೊಗ್ಗ_ಮಳೆ

ನನಗೆ ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ. ಡಾಕ್ಸೊರುಬಿಸಿನ್ ಹೆಸರು ನೋಡಿ ಒಳಗೆ ಬಂದೆ. ಅಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ ಅದೇ ಕೆಂಪು ಔಷಧ ಕೊಟ್ಟಿದ್ದರು. ಪ್ರತಿ ಸಲ ಮುಂಚೆ ಎಕೋ ಮಾಡಿಸಿ ಹೃದಯ ನೋಡುತ್ತಿದ್ದರು. 'ಇದನ್ನು ಜೀವಮಾನದಲ್ಲಿ ಇಷ್ಟೇ ಕೊಡಬಹುದು' ಅಂತ ಡಾಕ್ಟರು ಹೇಳಿದ್ದು ಈಗಲೂ ನೆನಪಿದೆ. ಅಮ್ಮ ಈಗ ಆರಾಮಿದ್ದಾರೆ. ನೀವು ಹೇಳುವ ಕೊಳವೆಯಿಂದ ಹೃದಯಕ್ಕೆ ಆಗುವ ತೊಂದರೆ ತಪ್ಪುತ್ತದಾ?

ಮಾತ್ರೆಮಾವ

ಅಮ್ಮ ಚೆನ್ನಾಗಿದ್ದಾರೆ ಅಂತ ಕೇಳಿ ಖುಷಿ ಆಯ್ತು ಮೇಡಂ. ಡಾಕ್ಟರು ಹೇಳಿದ್ದು ನಿಜ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 450-550 ಮಿಲಿಗ್ರಾಂ ದಾಟಿದರೆ ಹೃದಯದ ಸ್ನಾಯು ಸೋಲುವ ಅಪಾಯ ಏರುತ್ತದೆ. ಎಷ್ಟೋ ಸಲ ಔಷಧ ಇನ್ನೂ ಕೆಲಸ ಮಾಡುತ್ತಿರುತ್ತದೆ, ಆದರೂ ನಿಲ್ಲಿಸಬೇಕಾಗುತ್ತದೆ. ವಾಹಕ ಹುಡುಕುವುದೇ ಈ ಕಾರಣಕ್ಕೆ.

ಆದರೆ ಆ ಕೆಲಸವನ್ನು ಇನ್ನೊಂದು ವಾಹಕ ಆಗಲೇ ಮಾಡಿದೆ. ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊ ತುಂಬಿದ 'ಡಾಕ್ಸಿಲ್' 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಗುಳ್ಳೆ ಸುಮಾರು 100 ನ್ಯಾನೋಮೀಟರ್. ಹೃದಯದ ರಕ್ತನಾಳಗಳಿಂದ ಅದು ಸುಲಭವಾಗಿ ಹೊರಗೆ ಜಾರುವುದಿಲ್ಲ, ಹಾಗಾಗಿ ಹೃದಯಕ್ಕೆ ತೊಂದರೆ ಕಡಿಮೆ. ಅದರ ಬದಲು ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುವ ತೊಂದರೆ ಬರುತ್ತದೆ. ಎಲ್ಲ ರೋಗಿಗೂ ಅದು ಸರಿಹೊಂದುವುದಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಪುಟ್ಟಿ, ನಿಮ್ಮ ಮೂಲ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇಲ್ಲೇ ಇದೆ. ನ್ಯಾನೋಟ್ಯೂಬ್ ಓಡಬೇಕಾಗಿರುವುದು ಬರೀ ಡಾಕ್ಸೊ ವಿರುದ್ಧ ಅಲ್ಲ. 1995ರ ಲೈಪೋಸೋಮ್, 2005ರ ಆಲ್ಬುಮಿನ್-ಪ್ಯಾಕ್ಲಿಟಾಕ್ಸೆಲ್ (ಪ್ರೋಟೀನಿಗೆ ಕಟ್ಟಿದ ಕ್ಯಾನ್ಸರ್ ಔಷಧ), 2018ರ ಲಿಪಿಡ್ ಕಣದ ಆರ್‌ಎನ್‌ಎ ಔಷಧ, ಆಮೇಲೆ ಕೋಟಿಗಟ್ಟಲೆ ಜನರ ತೋಳಿಗೆ ಹೋದ ಕೋವಿಡ್ ಎಂಆರ್‌ಎನ್‌ಎ ಲಸಿಕೆ, ಇಷ್ಟರ ವಿರುದ್ಧ. ಕೊಬ್ಬು, ಪ್ರೋಟೀನು ಇವನ್ನು ದೇಹ ಅರಗಿಸಿಕೊಳ್ಳುತ್ತದೆ. ಇಂಗಾಲದ ಕೊಳವೆಗೆ ಆ ಸುಖ ಇಲ್ಲ.

ಅಣುಗಣಿತ

ಕೊಬ್ಬಿನ ಗುಳ್ಳೆಗೆ ಆಗದ ಒಂದು ಕೆಲಸ ನ್ಯಾನೋಟ್ಯೂಬಿಗೆ ಆಗುತ್ತೆ. ಬೆಳಕು ಹೀರಿ ಬಿಸಿಯಾಗೋದು. ನಾನು ಫಿಸಿಕ್ಸ್ ಕಡೆಯವನು, ಅದಕ್ಕೆ ಇದನ್ನು ಬಿಟ್ಟುಕೊಡಲ್ಲ.

ಸುಮಾರು 700ರಿಂದ 1100 ನ್ಯಾನೋಮೀಟರ್ ಬೆಳಕನ್ನು ನಮ್ಮ ಮಾಂಸ, ರಕ್ತ ಹೆಚ್ಚು ತಡೆಯುವುದಿಲ್ಲ. ಒಂಟಿ ಪದರದ ಟ್ಯೂಬ್ ಅದೇ ಬೆಳಕನ್ನು ಜೋರಾಗಿ ಹೀರುತ್ತದೆ. ಡಾಯ್ ತಂಡ 2005ರಲ್ಲಿ ಫೋಲಿಕ್ ಆಸಿಡ್ ಕಟ್ಟಿದ ಟ್ಯೂಬನ್ನು ಕೋಶಗಳಿಗೆ ಕೊಟ್ಟು 808 ನ್ಯಾನೋಮೀಟರ್ ಲೇಸರ್ ಬಿಟ್ಟಿತು. ಟ್ಯೂಬ್ ನುಂಗಿದ ಕ್ಯಾನ್ಸರ್ ಕೋಶಗಳು ಸತ್ತವು, ನುಂಗದವು ಉಳಿದವು. ಡಾಕ್ಸೊ ಕೂಡ ಕೂರಿಸಿದರೆ ಬಿಸಿಗೆ ಔಷಧವೂ ಬೇಗ ಬಿಡುತ್ತದೆ. ನನ್ನ ಪ್ರಕಾರ ನಿಜವಾದ 'ನಿಯಂತ್ರಿತ ಬಿಡುಗಡೆ' ಇದು. ಪಿಎಚ್‌ನದ್ದು ದೇಹದ ಕೈಲಿದೆ, ಲೇಸರ್ ಡಾಕ್ಟರ ಕೈಲಿದೆ.

ನಮ್ಮ ಐಐಎಸ್‌ಸಿಯಲ್ಲೂ ಒಂದು ಚಂದದ ಕೆಲಸ ಆಗಿದೆ. ಎಸ್‌ಐಆರ್‌ಎನ್‌ಎಯ ಎರಡು ಎಳೆ ಟ್ಯೂಬ್ ಹತ್ತಿರ ಬಂದಾಗ ತಾನಾಗಿ ಬಿಚ್ಚಿಕೊಂಡು ಅದರ ಸುತ್ತ ಸುತ್ತಿಕೊಳ್ಳುತ್ತದೆ ಅಂತ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ತೋರಿಸಿದರು. ಜೀನ್ ಅಡಗಿಸುವ ಔಷಧ ಸಾಗಿಸೋಕೆ ಇದನ್ನು ಬಳಸಬಹುದು ಅಂತ.

ಬೇಸರದ_ಬಸವ

ಲೇಸರ್ ಮೈಯೊಳಗೆ ಎಷ್ಟು ಆಳ ಹೋಗುತ್ತೆ ಗುರು? ಲಿವರ್ ನಡುವಿನ ಗಂತಿಗೆ ಬಿಡ್ತೀರಾ?

ಅಣುಗಣಿತ

ಸೆಂಟಿಮೀಟರ್ ಲೆಕ್ಕ. ಆಳದ ಗಂತಿಗೆ ಫೈಬರ್ ತೂರಿಸಬೇಕು. ಬಸವಣ್ಣ, ನಿಮಗೆ ಇನ್ನೊಂದು ಅಸ್ತ್ರ ನಾನೇ ಕೊಡ್ತೀನಿ: ಈ ಬಿಸಿಯ ಚಿಕಿತ್ಸೆಯನ್ನು ಪ್ರಾಸ್ಟೇಟ್ ಗಂತಿ ಇರುವ ಮನುಷ್ಯರಲ್ಲಿ ಪ್ರಯತ್ನಿಸಿ 2019ರಲ್ಲಿ ಫಲಿತಾಂಶ ಬರೆದರು. ಬಳಸಿದ್ದು ನ್ಯಾನೋಟ್ಯೂಬ್ ಅಲ್ಲ, ಚಿನ್ನ ಹೊದ್ದ ಸಿಲಿಕಾ ಕಣ.

ಫಾರ್ಮಸಿ_ಪುಟ್ಟಿ

ಸರ್, ಮೇಡಂ, ಎಲ್ಲರಿಗೂ ಧನ್ಯವಾದ. ಒಂದು ಗೊಂದಲ ಇದೆ. 2008ರ ಪೇಪರಿನಲ್ಲಿ ಪ್ಯಾಕ್ಲಿಟಾಕ್ಸೆಲ್ ಕಟ್ಟಿದ ಟ್ಯೂಬ್ ಕೊಟ್ಟಾಗ ಇಲಿಯ ಗಂತಿಗೆ ಹತ್ತು ಪಟ್ಟು ಹೆಚ್ಚು ಔಷಧ ಹೋಯಿತು ಅಂತಿದೆ. ಹತ್ತು ಪಟ್ಟು ಅಂದ್ರೆ ಸಾಕಲ್ವಾ?

ಮಾತ್ರೆಮಾವ

ಯಾವುದರ ಹತ್ತು ಪಟ್ಟು ಅಂತ ನೋಡಿ. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷದ ಪೇಪರುಗಳನ್ನು ಗುಡ್ಡೆ ಹಾಕಿ ಲೆಕ್ಕ ಮಾಡಿತು. ಎಲ್ಲ ಬಗೆಯ ನ್ಯಾನೋಕಣ ಸೇರಿಸಿ, ಚುಚ್ಚಿದ್ದರಲ್ಲಿ ಗಂತಿಗೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ 0.7 ಶೇಕಡಾ. ಉಳಿದದ್ದರಲ್ಲಿ ಬಹುಪಾಲು ಲಿವರ್, ಗುಲ್ಮ. ಗಂತಿಯ ರಕ್ತನಾಳ ಸೋರುತ್ತದೆ, ಕಣಗಳು ಅಲ್ಲಿ ಉಳಿದುಕೊಳ್ಳುತ್ತವೆ ಅಂತ ಜಪಾನಿನ ಮಾಯೆದಾ ಅವರು 1986ರಲ್ಲಿ ಹೇಳಿದ್ದನ್ನೇ ಎಲ್ಲರೂ ನಂಬಿಕೊಂಡು ಬಂದೆವು. ಇಲಿಗೆ ಅಂಟಿಸಿದ ಗಂತಿ ಬೇಗ ಬೆಳೆಯುತ್ತದೆ, ಚೆನ್ನಾಗಿ ಸೋರುತ್ತದೆ. ಮನುಷ್ಯರಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ.

ಈಗ ಬಸವನ ಪ್ರಶ್ನೆ. ನಮ್ಮಲ್ಲೂ 2019ರಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಬಂತು, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹೊರಡಿಸಿತು. ಯಾವ ದೇಶದ ನಿಯಂತ್ರಕರಾದರೂ ಮೊದಲು ಕೇಳುವುದು ಒಂದೇ: ಈ ಸೀಸೆಯಲ್ಲಿ ಏನಿದೆ? ಪ್ರತಿ ಬ್ಯಾಚಿನಲ್ಲೂ ಅದೇ ಇರುತ್ತದಾ? ಡಾಕ್ಸೊಗೆ ಒಂದು ಅಣುಸೂತ್ರ ಇದೆ. ನ್ಯಾನೋಟ್ಯೂಬಿನ ಒಂದು ಸೀಸೆಯಲ್ಲಿ ಬೇರೆ ಬೇರೆ ಉದ್ದದ, ಬೇರೆ ಬೇರೆ ಅಡ್ಡಳತೆಯ, ಬೇರೆ ಬೇರೆ ಕೋನದಲ್ಲಿ ಸುತ್ತಿದ ಕೊಳವೆಗಳ ಜಾತ್ರೆ. ಆಸಿಡ್‌ನಲ್ಲಿ ಒಂದು ಗಂಟೆ ಹೆಚ್ಚು ಕುದಿಸಿದರೆ ಬೇರೆಯದೇ ವಸ್ತು. ಸ್ಪೆಸಿಫಿಕೇಶನ್ ಹಾಳೆಯಲ್ಲಿ ನಾನು ಏನು ಬರೆಯಲಿ? ಔಷಧ ಕೂರುತ್ತದೆ, ಬಿಡುತ್ತದೆ, ಇಲಿ ಬದುಕುತ್ತದೆ, ಇದೆಲ್ಲ ತೋರಿಸಿಯಾಗಿದೆ. ಈ ಹಾಳೆ ತುಂಬಿಸೋಕೆ ಆಗದೆ ಕೂತಿದ್ದೇವೆ. ವಿಷದ ಭಯಕ್ಕಿಂತ ಇದೇ ದೊಡ್ಡ ಅಡ್ಡಿ ಅಂತ ನನ್ನ ಅಭಿಪ್ರಾಯ.

ರೈನ್_ದಂಡೆ

ಎರಡೂ ಒಂದೇ ಅಡ್ಡಿ ಅಂತ ನನ್ನ ಅಭಿಪ್ರಾಯ. ಹಾಳೆ ತುಂಬದೆ ವಿಷದ ಪ್ರಶ್ನೆಗೂ ಉತ್ತರ ಸಿಗಲ್ಲ. 20 ಮೈಕ್ರಾನಿನ ನಾರು ಸೀಸೆಯಲ್ಲಿ ಶೇಕಡಾ ಎಷ್ಟಿದೆ ಅಂತ ಹೇಳೋಕೆ ಆಗದಿದ್ದರೆ, 'ನಮ್ಮದು ಚಿಕ್ಕ ಟ್ಯೂಬ್' ಅನ್ನುವ ಮಾತಿಗೆ ಬೆಲೆ ಇಲ್ಲ.

ಪುಟ್ಟಿ, ಪ್ರಾಜೆಕ್ಟ್ ಬಿಡಬೇಡಿ. ಆದರೆ ಎರಡು ವಿಷಯ. ಒಣ ಪುಡಿಯನ್ನು ಬೆಂಚ್ ಮೇಲೆ ತೆರೆಯಬೇಡಿ. ಹುಡ್ (ಗಾಳಿ ಹೀರುವ ಪೆಟ್ಟಿಗೆ) ಒಳಗೆ ತೂಗಿ, ಕೂಡಲೇ ಒದ್ದೆ ಮಾಡಿ. ಎನ್95 ಹಾಕಿ, ಒರೆಸಿದ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ. ಸರ್ಜಿಕಲ್ ಮಾಸ್ಕ್ ಇದಕ್ಕೆ ಸಾಲದು. ಡಾಕ್ಸೊ ಕೂಡ ಕೈಗೆ ತಾಗಬಾರದ ಔಷಧ, ಗ್ಲೌಸ್ ತಪ್ಪಿಸಬೇಡಿ. ಎರಡನೆಯದು, ಕೋಶ ಬದುಕಿದೆಯಾ ಅಂತ ಬಣ್ಣದಿಂದ ನೋಡುವ ಎಂಟಿಟಿ ಪರೀಕ್ಷೆ ಮಾಡುವ ಆಲೋಚನೆ ಇದ್ದರೆ ಹುಷಾರು. ಆ ಪರೀಕ್ಷೆಯ ನೇರಳೆ ಹರಳುಗಳು ಟ್ಯೂಬಿಗೇ ಅಂಟಿಕೊಳ್ಳುತ್ತವೆ. ಕೋಶ ಬದುಕಿದ್ದರೂ ಸತ್ತಿದೆ ಅಂತ ಅಂಕಿ ಬರುತ್ತದೆ. 2006ರಲ್ಲೇ ಇದನ್ನು ತೋರಿಸಿದ್ದಾರೆ, ಆದರೂ ಇವತ್ತಿಗೂ ಬರೀ ಎಂಟಿಟಿ ಹಾಕಿ ಪೇಪರ್ ಬರುತ್ತವೆ. ಎಲ್‌ಡಿಎಚ್ ಅಥವಾ ಡಬ್ಲ್ಯುಎಸ್‌ಟಿ ಅನ್ನುವ ಬೇರೆ ಕೋಶ ಪರೀಕ್ಷೆ ಕೂಡ ಮಾಡಿ, ಕೋಶ ಇಲ್ಲದೆ ಬರೀ ಟ್ಯೂಬ್ ಹಾಕಿದ ಒಂದು ಕಂಟ್ರೋಲ್ ಇಡಿ.

ಮಾತ್ರೆಮಾವ

ಬಿಡುಗಡೆ ಪ್ರಯೋಗಕ್ಕೆ ನನ್ನದೂ ಸೇರಿಸಿ. ಡಯಾಲಿಸಿಸ್ ಚೀಲ (ಔಷಧ ಮಾತ್ರ ಹೊರಗೆ ಬಿಡುವ ಸಣ್ಣ ರಂಧ್ರಗಳದ್ದು) ಬಳಸುತ್ತೀರಿ ಅಲ್ವಾ? ಚೀಲದೊಳಗೆ ಟ್ಯೂಬ್ ಇಲ್ಲದ ಬರೀ ಡಾಕ್ಸೊ ಹಾಕಿ ಅದರ ಗ್ರಾಫನ್ನೂ ತೆಗೆಯಿರಿ. ಎಷ್ಟೋ ಪೇಪರಿನ 'ನಿಧಾನ ಬಿಡುಗಡೆ' ಚೀಲದ ನಿಧಾನವೇ ಹೊರತು ಟ್ಯೂಬಿನದ್ದಲ್ಲ. ಡಾಕ್ಸೊ ಟ್ಯೂಬಿಗೆ ಅಂಟಿದಾಗ ಅದರ ಕೆಂಪು ಹೊಳಪು ಆರುತ್ತದೆ, ಬಿಟ್ಟಾಗ ಮತ್ತೆ ಬರುತ್ತದೆ. 480 ನ್ಯಾನೋಮೀಟರ್ ಬೆಳಕು ಬಿಟ್ಟು ಅಳೆದರೆ ಚೀಲವಿಲ್ಲದೆಯೂ ಒಂದು ಅಂದಾಜು ಸಿಗುತ್ತದೆ.

ಪಿಎಚ್ 5.5ರ ಗ್ರಾಫನ್ನು ಎಲ್ಲರೂ ಮೆರೆಸುತ್ತಾರೆ. ನೀವು 7.4ರದ್ದನ್ನು ಮೊದಲು ನೋಡಿ. ಅಲ್ಲಿ 24 ಗಂಟೆಯಲ್ಲಿ ಎಷ್ಟು ಸೋರಿತೋ ಅಷ್ಟು ಗಂತಿ ತಲುಪುವ ಮುಂಚೆಯೇ ರಕ್ತಕ್ಕೆ ಹೋಯಿತು ಅಂತ ಲೆಕ್ಕ.

ಫಾರ್ಮಸಿ_ಪುಟ್ಟಿ

ಬರೆದುಕೊಂಡೆ ಸರ್. ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿರುವ ದ್ರಾವಣ) ಮಾತ್ರ ಮಾಡಿದರೆ ಸಾಕಾ?

ರೈನ್_ದಂಡೆ

ಸಾಲದು. ರಕ್ತಕ್ಕೆ ಹೋದ ಕೂಡಲೇ ಪ್ರೋಟೀನುಗಳು ಟ್ಯೂಬಿನ ಮೈ ಮುಚ್ಚುತ್ತವೆ, ಕೆಲವು ಡಾಕ್ಸೊ ಕೂತ ಜಾಗಕ್ಕೇ ಬರುತ್ತವೆ. ಬಫರಿಗೆ ಶೇಕಡಾ 10 ಸೀರಂ (ರಕ್ತದ ತಿಳಿ ದ್ರವ) ಸೇರಿಸಿ ಇನ್ನೊಂದು ಸೆಟ್ ಮಾಡಿ. 7.4ರ ಗ್ರಾಫ್ ಬದಲಾಗಬಹುದು. ಬದಲಾದರೆ ಥೀಸಿಸ್‌ನಲ್ಲಿ ಮುಚ್ಚಿಡಬೇಡಿ, ಅದನ್ನೇ ಮುಂದೆ ಹಾಕಿ.

ಫಾರ್ಮಸಿ_ಪುಟ್ಟಿ

ಸರಿ ಮೇಡಂ. ಸೀರಂ ಪಕ್ಕದ ವಿಭಾಗದ ಫ್ರೀಜರಿನಲ್ಲಿ ಇದೆ, ಸೋಮವಾರ ಕೇಳಿ ನೋಡುತ್ತೇನೆ. ಬರೀ ಡಾಕ್ಸೊ ಹಾಕಿದ ಚೀಲದ ಗ್ರಾಫ್ ಮೊದಲು ತೆಗೆದು ಇಲ್ಲೇ ಹಾಕುತ್ತೇನೆ.